ಮಾವ ಬಿಟ್ಟುಕೊಟ್ಟ ವಿಮಾನ

“ಸಾರ್, ಅವತ್ತು ಅಲ್ಲಿ ಶತ್ರು ವಿಮಾನ ಬಿದ್ದಿದ್ದು ಒಂದೇ, ಎರಡಲ್ಲ.”

ಯುದ್ಧದ ಇತಿಹಾಸ ಬರೆಯುತ್ತಿದ್ದ ಸಂಶೋಧಕರೊಬ್ಬರು ವಿಜಯನಗರದ ನಮ್ಮ ಮನೆಗೆ ಬಂದು ಹೀಗಂದಾಗ, ಕಾಫಿ ತಂದ ನಾನು ಅಲ್ಲೇ ನಿಂತುಬಿಟ್ಟೆ. ಎಂಬತ್ತರ ದಶಕದ ಮಾತಿದು. ನಮ್ಮ ಮಾವ ವಾಯುಪಡೆಯ ನಿವೃತ್ತ ಪೈಲಟ್. ಎಪ್ಪತ್ತೊಂದರ ಯುದ್ಧದಲ್ಲಿ ಅವರೊಂದು, ಜೊತೆಗೆ ಹಾರಿದ್ದ ಗೆಳೆಯನೊಂದು ವಿಮಾನ ಹೊಡೆದುರುಳಿಸಿದರೆಂದೇ ಎಲ್ಲರೂ ನಂಬಿದ್ದೆವು. ಆ ಗೆಳೆಯ ಯುದ್ಧ ಮುಗಿಯುವ ಮೊದಲೇ ತೀರಿಕೊಂಡಿದ್ದರು. ಈಗ ಸಂಶೋಧಕರು ಆ ಲೆಕ್ಕವನ್ನು ಎದುರಾಳಿಗಳು ಕಳೆದುಕೊಂಡ ವಿಮಾನಗಳ ವಿವರದ ಜೊತೆ ತಾಳೆ ನೋಡಿದ್ದರು.

“ಇಬ್ಬರಿಗೂ ಅರ್ಧರ್ಧ ಅಂತ ಬರೀಲಾ ಸಾರ್?” ಎಂದು ಸಂಕೋಚದಿಂದ ಕೇಳಿದರು.

ಮಾವ ಕೈ ಅಡ್ಡಡ್ಡ ಆಡಿಸಿದರು. “ಬೇಡ. ಅವನು ನನಗಿಂತ ತುಂಬಾ ಹತ್ತಿರದಿಂದ ಹೊಡೆದ. ಬಿದ್ದಿದ್ದು ಒಂದೇ ಅಂದ್ರೆ ಅದು ಅವನದೇ. ಹಾಗೇ ಬರ್ಕೊಳ್ಳಿ.”

ಸಂಜೆ ಟ್ರಂಕ್ ಕಾಲ್ ಬುಕ್ ಮಾಡಿ ಗೆಳೆಯನ ತಾಯಿಯ ಜೊತೆ ಮಾತಾಡಿದರು. “ಅಮ್ಮಾ, ನಿಮ್ಮ ಮಗ ಹೊಡೆದಿದ್ದು ಖಾತ್ರಿಯಾಯ್ತು” ಎಂದರು. ತಮ್ಮ ವಿಷಯ ಎತ್ತಲೇ ಇಲ್ಲ.

ನಿಮ್ಮ ಮಾವ ಎಷ್ಟು ವಿಮಾನ ಹೊಡೆದರು ಎಂದು ಈಗ ಯಾರಾದರೂ ಕೇಳಿದರೆ, “ಒಂದೂ ಇಲ್ಲ” ಎಂದು ತಲೆಯೆತ್ತಿ ಹೇಳುತ್ತೇನೆ.