ಲೂಸಿಯ ಪಾಪ ಹೇಳಲು ಭದ್ರಾವತಿಗೆ ಹೋದದ್ದು

ನನ್ನ ತಮ್ಮ ಜೋಸೆಫ ಸತ್ತದ್ದು ವಾಂತಿಭೇದಿಯಿಂದ. ಮೈಯಲ್ಲಿದ್ದ ನೀರೆಲ್ಲ ಹೋಗಿ ಸತ್ತ. ಅದರಲ್ಲಿ ದೇವರ ಸಿಟ್ಟೂ ಇಲ್ಲ, ನನ್ನ ತಂಗಿ ಲೂಸಿಯ ತಪ್ಪೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪ್ರಯಾಣವನ್ನು ನಾನು ಮಾಡಿದ್ದು ಈ ಮಾತನ್ನು ಒಪ್ಪದ ಹೆಂಗಸನ್ನು ಕರೆದುಕೊಂಡು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ಬಂದದ್ದನ್ನೂ ಪ್ರವಾಸ ಅಂತ ಬರೆಯುತ್ತಾಳಲ್ಲ ಎಂದು ನಗುವವರು ನಗಲಿ. ಬರೆಯಲಾ ಎಂದು ಲೂಸಿಯನ್ನೇ ಕೇಳಿದೆ. “ಬರೆಯೋದಾದ್ರೆ ಪೂರ್ತಿ ಬರಿ ಅಕ್ಕ. ಅರ್ಧ ಬರೆದು ಮರ್ಯಾದೆ ಕಳೀಬೇಡ” ಎಂದಳು.

ನಾವಿರುವುದು ಆಲ್ಕೊಳದಲ್ಲಿ. ಲೂಸಿ ಮದುವೆಯಾಗಲಿಲ್ಲ, ನನ್ನ ಜೊತೆಯಲ್ಲೇ ಇದ್ದಾಳೆ. ನನ್ನ ಮಗಳು ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಮೊಮ್ಮಗಳು ನಿಶಾಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಈಗ ನಿಶಾಗೆ ಹೆಣ್ಣು ಮಗು ಹುಟ್ಟಿದೆ, ಬಾಣಂತನಕ್ಕೆ ನಮ್ಮಲ್ಲೇ ಇದ್ದಾಳೆ. ಈಸ್ಟರ್ ಕಳೆದ ಮೇಲಿನ ಭಾನುವಾರ ಮಗುವಿಗೆ ಚರ್ಚಿನಲ್ಲಿ ತಲೆಗೆ ನೀರು ಹೊಯ್ಯುವ ಜ್ಞಾನಸ್ನಾನ ಎಂದು ನಿಶ್ಚಯವಾಯಿತು. ಜ್ಞಾನಸ್ನಾನದ ದಿನ ಮಗುವನ್ನು ಕೈಯಲ್ಲಿ ಹಿಡಿದು ನಿಲ್ಲುವವಳು ಜ್ಞಾನಮಾತೆ. “ಲೂಸಿಯಜ್ಜಿನೇ ಆಗಬೇಕು” ಎಂದಳು ನಿಶಾ. ಲೂಸಿ ಆಗುವುದಿಲ್ಲ ಎಂದಳು. ಯಾಕೆ ಎಂದರೆ ಮಗುವಿನ ಬಟ್ಟೆ ಎತ್ತಿಕೊಂಡು ಒಗೆಯಲು ಹೋದಳು. ನಿಶಾ ಅತ್ತಳು. ಆಮೇಲೆ ನಾನು ಗಮನಿಸಿ ನೋಡಿದೆ. ಮಗು ಹುಟ್ಟಿ ಇಷ್ಟು ದಿನವಾದರೂ ಲೂಸಿ ಅದನ್ನು ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಬಟ್ಟೆ ಒಗೆಯುತ್ತಾಳೆ, ತೊಟ್ಟಿಲು ತೂಗುತ್ತಾಳೆ, ಮಗುವನ್ನು ಮಾತ್ರ ಮುಟ್ಟುವುದಿಲ್ಲ.

ಒಂದು ಮಧ್ಯಾಹ್ನ ಅಕ್ಕಿ ಆರಿಸುವಾಗ ಬಾಗಿಲು ಹಾಕಿ ಕೇಳಿದೆ. ಹೇಳಿದಳು.

ಅವಳಿಗೆ ಆಗ ಎಂಟು ವರ್ಷ, ಮೊದಲ ಪರಮಪ್ರಸಾದ ತೆಗೆದುಕೊಂಡು ಸ್ವಲ್ಪ ದಿನವಾಗಿತ್ತು. ಪರಮಪ್ರಸಾದ ಅಂದರೆ ಪೂಜೆಯಲ್ಲಿ ಫಾದರ್ ಕೊಡುವ ಗೋಧಿಯ ತೆಳು ಬಿಲ್ಲೆ. ನಮಗೆ ಅದು ಯೇಸುವಿನ ದೇಹವೇ. ಆ ಕಾಲದಲ್ಲಿ ಮಂಡಿಯೂರಿ ನಾಲಿಗೆ ಚಾಚಬೇಕಿತ್ತು, ಕೈಯಲ್ಲಿ ಮುಟ್ಟುವಂತೆಯೇ ಇರಲಿಲ್ಲ. ಆ ಭಾನುವಾರ ಜೋಸೆಫ ವಾಂತಿಭೇದಿಯಿಂದ ಮಲಗಿದ್ದ. ಅವನಿನ್ನೂ ಎದ್ದು ಬಿದ್ದು ನಡೆಯಲು ಕಲಿಯುತ್ತಿದ್ದ ಕೂಸು. ಲೂಸಿ ಪ್ರಸಾದವನ್ನು ನುಂಗದೆ, ತಲೆಯ ಮೇಲಿನ ಬಟ್ಟೆ ಮರೆ ಮಾಡಿ ಬಾಯಿಂದ ತೆಗೆದು, ಕರ್ಚೀಫಿನಲ್ಲಿ ಸುತ್ತಿ ಮನೆಗೆ ತಂದಳು. ಅಮ್ಮ ಹಿತ್ತಲಿಗೆ ಹೋದಾಗ ಮಗುವಿನ ಬಾಯಿಗಿಟ್ಟು ನೀರು ಕುಡಿಸಿದಳು. ದೇವರೇ ಹೊಟ್ಟೆಗೆ ಹೋದರೆ ಕಾಯಿಲೆ ಹೇಗೆ ಉಳಿಯುತ್ತದೆ ಎಂದು ಅವಳ ಲೆಕ್ಕ. ಮರುದಿನ ಮಗು ಸತ್ತಿತು.

ಇದನ್ನು ಅವಳು ಫಾದರ್ ಮುಂದೆ ಪಾಪ ಹೇಳಿಕೊಳ್ಳುವ ಯಾವ ಪಾಪನಿವೇದನೆಯಲ್ಲೂ ಹೇಳಲಿಲ್ಲ. ಒಂದು ಪಾಪವನ್ನು ಬೇಕೆಂದೇ ಮುಚ್ಚಿಟ್ಟರೆ ಹೇಳಿದ ಉಳಿದವೂ ಕ್ಷಮೆಯಾಗುವುದಿಲ್ಲ, ಆಮೇಲೆ ತೆಗೆದುಕೊಂಡ ಒಂದೊಂದು ಪ್ರಸಾದವೂ ಹೊಸ ಪಾಪ ಎಂದು ನಮಗೆ ಕಲಿಸಿದ್ದರು. ನಾನು ಆ ಪಾಠವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಲೂಸಿ ಬಿಡಲಿಲ್ಲ. ಅವಳ ತಲೆಯಲ್ಲಿ ಪಾಪದ ಮೇಲೆ ಪಾಪ ಪೇರಿಸಿಕೊಂಡು ಇಷ್ಟು ವರ್ಷವಾಗಿತ್ತು.

“ಎಂಟು ವರ್ಷದ ಹುಡುಗಿದು ಎಂಥ ಪಾಪ ಮಾರಾಯ್ತಿ? ಹೇಳೋದೇ ಬೇಡ ಬಿಡು” ಎಂದೆ.

“ಹೇಳದೆ ಆ ಮಗೂನ ಹಿಡ್ಕೊಂಡು ಪೀಠದ ಮುಂದೆ ಹೇಗೆ ನಿಲ್ಲಲಿ ಅಕ್ಕ?”

“ಹಾಗಾದ್ರೆ ಹೇಳು.”

“ನಮ್ಮ ಫಾದರ್‌ಗಾ? ವಾರ ವಾರ ಅವರ ಪೂಜೆ ಬಟ್ಟೆ ಇಸ್ತ್ರಿ ಮಾಡಿ ಕೊಡೋಳು ನಾನು. ಆಮೇಲೆ ಅವರ ಮುಖ ಹೇಗೆ ನೋಡಲಿ?”

ಹೀಗೆ ಭದ್ರಾವತಿ ಎಂದು ತೀರ್ಮಾನವಾಯಿತು. ನಾವು ಹುಟ್ಟಿ ಬೆಳೆದ ಊರು, ಈಗ ಅಲ್ಲಿ ನಮ್ಮನ್ನು ಬಲ್ಲವರಿಲ್ಲ. ಈಸ್ಟರಿಗೆ ಮೊದಲು ಬರುವ ತಪಸ್ಸು ಕಾಲದ ಒಂದು ಶುಕ್ರವಾರ ಅಲ್ಲಿ ಬೆಳಿಗ್ಗೆಯಿಂದ ಪಾಪನಿವೇದನೆ ಇದೆ, ಹೊರಗಿನಿಂದ ಫಾದರ್‌ಗಳು ಬರುತ್ತಾರೆ ಎಂದು ವಿಚಾರಿಸಿ ತಿಳಿದುಕೊಂಡೆ.

ಬಿಸಿಲೇರುವ ಮೊದಲೇ ಹೊರಟೆವು. ಸರ್ಕಾರಿ ಬಸ್ಸು, ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ದುಡ್ಡಿಲ್ಲ. ಲೂಸಿ ಕಾರ್ಡಿನ ಬದಲು ಜಪಸರ ಚಾಚಿದಳು. ಕಂಡಕ್ಟರು “ಹುಷಾರಿಲ್ವೇನಜ್ಜಿ?” ಎಂದ. “ಹುಷಾರಾಗೋಕೇ ಹೋಗ್ತಿರೋದು” ಎಂದೆ. ತುಂಗೆ ಸೇತುವೆ ದಾಟಿ ಮಲವಗೊಪ್ಪ, ನಿದಿಗೆ ಹಿಂದೆ ಬಿದ್ದವು. ಹೊಳೆಯಲ್ಲಿ ನೀರಿಗಿಂತ ಬಂಡೆಯೇ ಜಾಸ್ತಿ ಕಾಣುತ್ತಿತ್ತು. ಲೂಸಿ ಕಿಟಕಿ ಪಕ್ಕ ಕೂತು ಜಪಸರ ಎಣಿಸುತ್ತಿದ್ದಳು. ದಾರಿ ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ.

ಭದ್ರಾವತಿ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಒಂದು ಪ್ಲೇಟು ಇಡ್ಲಿ ವಡೆ ತಿಂದೆ. ಲೂಸಿ ಉಪವಾಸ. ನಾನು ತಿನ್ನುವುದನ್ನು ನೋಡಿ ಮುಖ ತಿರುಗಿಸಿದಳು. ಶುಕ್ರವಾರ ಮಾಂಸ ಬೇಡ ಎಂದಿದ್ದಾರೆ, ಉದ್ದಿನ ವಡೆ ಬೇಡ ಎಂದು ಯಾರೂ ಹೇಳಿಲ್ಲ. ಆಮೇಲೆ ಆಟೋ ಹಿಡಿದೆವು. ಗಡ್ಡದ ಸಾಬರು, ನನ್ನಷ್ಟೇ ವಯಸ್ಸು. ಚರ್ಚು ಎಂದ ಕೂಡಲೇ, “ಬೆಳಿಗ್ಗೆಯಿಂದ ನಿಮ್ಮವರೇ ಗಿರಾಕಿ ಅಮ್ಮಾ, ಏನು ಸ್ಪೆಷಲ್ಲು?” ಎಂದು ಕೇಳಿದರು.

“ಮಾಡಿದ ಪಾಪ ಹೇಳೋ ದಿನ.”

“ಯಾ ಅಲ್ಲಾ! ಒಂದೇ ದಿನಕ್ಕೆ ಮುಗಿಯುತ್ತಾ?”

ಲೂಸಿ ಆ ಕಡೆ ನೋಡಿದಳು. ನಾನು ನಕ್ಕೆ. ಐವತ್ತು ರೂಪಾಯಿ ತೆಗೆದುಕೊಂಡರು, ಅದು ಸ್ವಲ್ಪ ಜಾಸ್ತಿಯೇ. ಕಬ್ಬಿಣದ ಕಾರ್ಖಾನೆಯ ಕಡೆ ನೋಡಿದೆ. ನಾವು ಸಣ್ಣವರಿದ್ದಾಗ ಅಲ್ಲಿನ ಹೊಗೆಯಿಂದ ಒಗೆದ ಬಟ್ಟೆಯೂ ಕಪ್ಪಾಗುತ್ತಿತ್ತು. ಈಗ ಆಕಾಶ ತೊಳೆದಿಟ್ಟ ಹಾಗಿತ್ತು. ನನಗೇನೂ ಅದು ಚೆನ್ನಾಗಿ ಕಾಣಲಿಲ್ಲ.

ಚರ್ಚಿನೊಳಗೆ ಎರಡು ಕಡೆ ಸಾಲು. ಮರದ ಗೂಡಿನೊಳಗೆ ಫಾದರ್, ಮುಂದೆ ಪರದೆ, ಪಕ್ಕದ ಜಾಲರಿಯ ಬಳಿ ಮಂಡಿಯೂರಿ ನಾವು ಹೇಳಬೇಕು. ಸಾಲಿನಲ್ಲಿ ಅರ್ಧಕ್ಕರ್ಧ ತಮಿಳು ಮಾತಾಡುವವರು. ಲೂಸಿ ಬಲಗಡೆಯ ಸಾಲಿಗೆ ನಿಂತಳು, ನಾನು ಬೆಂಚಿನ ಮೇಲೆ ಕೂತೆ. ಅವಳ ಮುಂದೆ ಇಬ್ಬರು ಉಳಿದಿದ್ದಾಗ ಇದ್ದಕ್ಕಿದ್ದಂತೆ ಸಾಲು ಬಿಟ್ಟು ನನ್ನ ಕೈ ಹಿಡಿದು ಹೊರಗೆ ಎಳೆದಳು.

“ಏನಾಯ್ತೇ?”

“ನಮ್ಮ ಫಾದರ್ ಅಕ್ಕ!”

“ಯಾರು?”

“ಒಳಗೆ ಕೂತಿರೋದು ನಮ್ಮ ಫಾದರ್ರೇ. ಪರದೆ ಕೆಳಗೆ, ಕೊರಳಿಂದ ಇಳಿಬಿಟ್ಟ ಪಟ್ಟಿ ತುದಿ ಕಾಣ್ತಾ ಇತ್ತು. ನೇರಳೆ ಪಟ್ಟಿ. ಅದರ ಅಂಚು ನಾನೇ ಹೊಲಿದಿದ್ದು.”

ಬುದ್ಧಿ ಇಲ್ಲದವರು ನಾವು. ತಪಸ್ಸು ಕಾಲದಲ್ಲಿ ಫಾದರ್‌ಗಳು ಊರು ಬದಲಾಯಿಸಿ ಪಾಪನಿವೇದನೆ ಕೇಳುವುದೇ ಜನ ತಮ್ಮ ಫಾದರ್ ಮುಂದೆ ನಾಚಿಕೊಳ್ಳುತ್ತಾರೆ ಎಂದು. ಭದ್ರಾವತಿಯವರು ಶಿವಮೊಗ್ಗಕ್ಕೆ, ಶಿವಮೊಗ್ಗದವರು ಭದ್ರಾವತಿಗೆ. ಅವತ್ತು ನಾವು ಆಲ್ಕೊಳದಿಂದ ನಮ್ಮ ಚರ್ಚಿಗೇ ಹೋಗಿದ್ದರೆ ಗುರುತಿಲ್ಲದ ಫಾದರ್ ಸಿಗುತ್ತಿದ್ದರು. ವರ್ಷ ವರ್ಷ ನೋಡುತ್ತಿದ್ದದ್ದು ಇಬ್ಬರಿಗೂ ಹೊಳೆಯಲಿಲ್ಲ.

“ಎಡಗಡೆ ಸಾಲಿಗೆ ಹೋಗು” ಎಂದೆ. ಅಲ್ಲಿ ಕೂತವರು ತಮಿಳಿನವರು, ಕನ್ನಡ ಅಷ್ಟಕ್ಕಷ್ಟೇ ಎಂದಳು. ದೇವರಿಗೆ ಎಲ್ಲ ಭಾಷೆ ಬರುತ್ತದೆ ಎಂದೆ. ಫಾದರ್‌ಗೆ ಬರಬೇಕಲ್ಲ ಎಂದಳು. ಅದೂ ಸರಿಯೇ.

ನಾವು ಬೆಳೆದ ಹಳೆಯ ಲೈನ್ ಮನೆಗಳ ಸಾಲಿನ ಕಡೆ ನಡೆದೆವು. ನಮ್ಮ ಮನೆಗೆ ಬೀಗ, ಹೆಂಚು ಕುಸಿದಿತ್ತು. ಹಿಂದಿನ ಬಾವಿಯನ್ನು ಯಾವತ್ತೋ ಮುಚ್ಚಿ ಮೇಲೆ ಕಲ್ಲು ಹಾಸಿದ್ದರು. ನಾನು ಅದರ ಮೇಲೆ ಕೂತೆ.

“ನೆನಪಿದ್ಯಾ? ಆ ಬೇಸಿಗೇಲಿ ಈ ಬಾವಿ ನೀರು ಕೆಂಪಗಿತ್ತು. ಕೊನೇ ಮನೆ ರಾಜಮ್ಮನ ಮಗು ಹೋಯ್ತು. ಆಮೇಲೆ ಜಮೀಲಾ ಮಗಳು ಹೋದ್ಲು. ಆಮೇಲೆ ನಮ್ಮ ಜೋಸೆಫ. ಆ ಮಕ್ಕಳ ಬಾಯಿಗೆ ಯಾರು ಪ್ರಸಾದ ಇಟ್ಟಿದ್ರು, ಹೇಳು.”

ಲೂಸಿ ಕಲ್ಲಿನ ಮೇಲಿನ ಒಣ ಎಲೆ ಸರಿಸಿ ನನ್ನ ಪಕ್ಕ ಕೂತಳು. ಆಮೇಲೆ, “ನಾನು ಕೊಂದೆ ಅಂತ ಈಗ ಅನ್ಕೊಳ್ಳಲ್ಲ ಅಕ್ಕ. ಮೊದಲು ಅನ್ಕೋತಿದ್ದೆ. ಈಗ ಅದಲ್ಲ” ಎಂದಳು.

“ಮತ್ತೆ?”

“ಅಮ್ಮ ಅತ್ತು ಅತ್ತು, ನಾನೇನು ಮಾಡ್ದೆ ಅಂತ ದೇವರು ನನಗೆ ಹೀಗೆ ಮಾಡಿದ ಅಂತ ಕೇಳ್ತಿದ್ಲು. ಸಾಯೋ ತನಕ ಕೇಳಿದ್ಲು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.”

ಅಮ್ಮ ಹಾಗೆ ಕೇಳುತ್ತಿದ್ದದ್ದು ನನಗೂ ಗೊತ್ತು. ಬಾವಿಕಲ್ಲು ಸುಡುತ್ತಿತ್ತು, ಎದ್ದೆವು.

ಬಸ್ಸಿಗೆಂದು ರಸ್ತೆಗೆ ಬಂದು ನಿಂತಾಗ ಮಧ್ಯಾಹ್ನ. ಒಂದು ಹಳೇ ಕಾರು ಮುಂದೆ ಹೋಗಿ, ನಿಂತು, ಹಿಂದಕ್ಕೆ ಬಂತು. ನಮ್ಮ ಫಾದರ್. ನನ್ನ ಕಿರಿ ಮಗನ ವಯಸ್ಸಿನವರು.

“ಅಮ್ಮಾ, ನೀವಿಬ್ಬರೂ ಇಲ್ಲೇನು ಮಾಡ್ತಿದ್ದೀರಿ? ಬನ್ನಿ, ಹತ್ತಿ.”

ನಾನು ಮುಂದೆ ಕೂತೆ, ಲೂಸಿ ಹಿಂದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ. “ನಿಮ್ಮ ಕಣ್ಣಿಗೆ ಬೀಳಬಾರದು ಅಂತ ಪಾಪ ಹೇಳೋಕೆ ಇಲ್ಲಿಗೆ ಬಂದ್ವಿ ಫಾದರ್. ನೀವು ನಮಗಿಂತ ಮೊದಲೇ ಬಂದು ಕೂತಿದ್ರಿ” ಎಂದೆ. ಹಿಂದಿನಿಂದ ಲೂಸಿ ನನ್ನ ಭುಜ ಜಿಗುಟಿದಳು.

ಫಾದರ್ ಸ್ಟಿಯರಿಂಗ್ ತಟ್ಟಿ ನಕ್ಕರು. “ನಾನೂ ನನ್ನ ಪಾಪ ಹೇಳೋಕೆ ದೂರದ ಊರಿಗೇ ಹೋಗೋದು. ಒಂದು ಸಲ ಹೋಗಿ ನೋಡಿದ್ರೆ ಜಾಲರಿ ಹಿಂದೆ ನನಗೆ ಪಾಠ ಮಾಡಿದ ಗುರುಗಳೇ ಕೂತಿದಾರೆ!”

“ಏನ್ಮಾಡಿದ್ರಿ?” ಬೆಳಿಗ್ಗೆಯಿಂದ ಲೂಸಿ ಬೇರೆಯವರ ಹತ್ತಿರ ಆಡಿದ ಮೊದಲ ಮಾತು ಅದು.

“ಹೇಳ್ದೆ. ಮಂಡಿ ಊರಿ ಆಗಿತ್ತಲ್ಲ, ಇನ್ನೇನ್ಮಾಡೋದು?”

ಮಾಚೇನಹಳ್ಳಿ ಹತ್ತಿರ ಬಂದಾಗ ಲೂಸಿ, “ಫಾದರ್, ಗಾಡಿ ಸ್ವಲ್ಪ ನಿಲ್ಲಿಸ್ತೀರಾ?” ಎಂದಳು.

ಮರದ ನೆರಳಿನಲ್ಲಿ ಕಬ್ಬಿನ ಹಾಲಿನ ಗಾಡಿ ಇತ್ತು. ಯಾರೂ ಹೇಳದೆಯೇ ನಾನು ಇಳಿದೆ. ತಿರುಗಿ ನೋಡಿದಾಗ ಫಾದರ್ ಚೀಲದಿಂದ, ಪಾಪ ಕೇಳುವಾಗ ಹಾಕುವ ನೇರಳೆ ಪಟ್ಟಿ ತೆಗೆದು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಲೋಟ ಕಬ್ಬಿನ ಹಾಲು ಕುಡಿದೆ. ಗಾಜಿನಾಚೆ ಲೂಸಿ ಮಾತಾಡುತ್ತಲೇ ಇದ್ದಳು, ಫಾದರ್ ತಲೆ ತಗ್ಗಿಸಿ ಮುಂದೆ ನೋಡುತ್ತ ಕೂತಿದ್ದರು. ಇನ್ನೊಂದು ಲೋಟ ಕುಡಿದೆ. ಲಾರಿಗಳು ಧೂಳೆಬ್ಬಿಸಿ ಹೋದವು. “ಅವರು ಕುಡಿಯಲ್ವಾ ಅಜ್ಜಿ? ಎಸಿ ಹಾಕ್ಕೊಂಡು ಕೂತ್ಬಿಟ್ರು” ಎಂದ ಗಾಡಿಯವನು. ಆ ಕಾರಿನಲ್ಲಿ ಎಸಿ ಕೆಲಸವೇ ಮಾಡುವುದಿಲ್ಲ. ಕೊನೆಗೆ ಫಾದರ್ ಕೈ ಎತ್ತಿದರು, ಲೂಸಿ ಹಣೆಗೆ ಎದೆಗೆ ಶಿಲುಬೆ ಗುರುತು ಹಾಕಿಕೊಂಡಳು. ಅದನ್ನು ನೋಡಿ ಹೋಗಿ ಹತ್ತಿದೆ. ಅಲ್ಲಿಂದ ಆಲ್ಕೊಳ ಸರ್ಕಲ್‌ವರೆಗೆ ಫಾದರ್ ರಸ್ತೆಯ ಗುಂಡಿಗಳ ಬಗ್ಗೆ ಮಾತ್ರ ಮಾತಾಡಿದರು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಲೂಸಿ ಅಡುಗೆಮನೆಗೆ ಬಂದಳು. ಫಾದರ್ ಏನಂದರು ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು.

“ಮಗು ನುಂಗ್ತಾ ಅಂತ ಕೇಳಿದ್ರು. ಹೂಂ ಅಂದೆ. ಹಾಗಾದ್ರೆ ಸಾಯೋರಿಗೆ ನಾವು ಕೊಡೋ ಕೊನೇ ಪ್ರಸಾದ ನಿಮ್ಮ ತಮ್ಮನಿಗೆ ನೀವೇ ಕೊಟ್ಟು ಕಳಿಸಿದ್ದೀರಿ ಅಂದ್ರು.”

ನಾನು ಒಲೆ ಕಡೆ ತಿರುಗಿ ಸಾರು ಕದಡಿದೆ. ಆ ಫಾದರ್‌ಗೆ ಮಾತು ಬರುತ್ತದೆ.

“ಪ್ರಾಯಶ್ಚಿತ್ತ ಏನು ಕೊಟ್ರು?”

“ಮೂರು ನಮೋ ಮರಿಯಾ ಜಪ.” ಅವಳ ಮುಖ ಸಪ್ಪಗಿತ್ತು. “ಮೂರೇ ಮೂರು ಅಕ್ಕ. ಮಕ್ಕಳು ಸಕ್ಕರೆ ಕದ್ದರೂ ಅಷ್ಟೇ ಕೊಡ್ತಾರೆ. ನಾನು ಹೇಳಿದ್ದು ಅವರಿಗೆ ಸರಿಯಾಗಿ ಕೇಳಿಸಿತೋ ಇಲ್ವೋ.”

“ಸಾಲದಿದ್ರೆ ನೂರು ಹೇಳ್ಕೊ, ಯಾರು ಬೇಡ ಅಂದ್ರು?”

ರಾತ್ರಿ ಊಟವಾದ ಮೇಲೆ ನಿಶಾ ಮಗುವನ್ನು ಹಿಡಿದು ಅವಳ ಮುಂದೆ ಬಂದು ನಿಂತಳು. ಲೂಸಿ ಮಗುವಿನ ಮುಖವನ್ನು ಚೆನ್ನಾಗಿ ನೋಡಿದಳು. ಕೈ ಮಾತ್ರ ಸೆರಗಿನೊಳಗೇ ಇತ್ತು. ಕ್ಷಮೆ ಸಿಕ್ಕಿತ್ತು. ಅದು ಇನ್ನೂ ಕೈಗೆ ತಲುಪಿರಲಿಲ್ಲ.

ಮರುದಿನ ಬೆಳಿಗ್ಗೆ ಹಂಡೆಗೆ ಉರಿ ಹಾಕಿ, ಮಗುವಿಗೆ ಎಣ್ಣೆ ತಿಕ್ಕಿ ಬಚ್ಚಲಿಗೆ ತಂದೆ. ದಿನಾ ಮಣೆಯ ಮೇಲೆ ಕೂತು ಕಾಲು ಚಾಚಿ, ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುವವಳು ನಾನೇ. ಅವತ್ತು ಕೂರಲಿಲ್ಲ. ಟವೆಲು ತಾ ಎಂದು ಲೂಸಿಯನ್ನು ಕೂಗಿದೆ. ತಂದಳು.

“ಕೂತ್ಕೊ” ಎಂದೆ.

“ಯಾಕೆ?”

“ಕೂತ್ಕೊಂಡು ಕಾಲು ಚಾಚು.”

“ನನ್ನ ಕೈಲಾಗಲ್ಲ ಅಕ್ಕ.”

“ಕೈ ಯಾರು ಕೇಳಿದ್ರೇ? ಕಾಲು ಚಾಚು ಅಂದೆ.”

ಕೂತಳು. ಸೀರೆ ಮೇಲಕ್ಕೆ ಎಳೆದುಕೊಂಡು ಕಾಲು ಚಾಚಿದಳು. ಮಗುವನ್ನು ಅವಳ ಕಾಲಿನ ಮೇಲೆ ಮಲಗಿಸಿ ನಾನು ಕೈ ತೆಗೆದೆ. ಎಣ್ಣೆ ಹಚ್ಚಿದ ಮಗು ಜಾರುತ್ತದೆ. ಅವಳ ಎರಡೂ ಕೈ ಬಂದವು, ಒಂದು ಕುತ್ತಿಗೆಯ ಕೆಳಗೆ, ಒಂದು ಎದೆಯ ಮೇಲೆ. ನಾನು ಚೊಂಬಿನಲ್ಲಿ ನೀರು ತೋಡಿ, ಬಿಸಿ ಹದವಾಗಿದೆಯೇ ಎಂದು ನೋಡಿ, ಹೊಯ್ದೆ.