ಕೂಗದ ಕಿಟಕಿ

ತಾಯಿಪಿಂಗ್ ಊರಿನ ರೊಕಿಯಾ ಒಂಟಿ ಹೆಂಗಸು, ಇಪ್ಪತ್ತು ವರ್ಷದಿಂದ ನಾಸಿ ಲೆಮಾಕ್ ಅನ್ನದ ಪೊಟ್ಟಣ ಮಾಡಿ ಮಾರುವವಳು. ಬೆಳಗಿನ ಐದಕ್ಕೆ ತೆಂಗಿನಹಾಲಿನಲ್ಲಿ ಅನ್ನಕ್ಕಿಟ್ಟು, ಹಬೆ ಹೋಗಲೆಂದು ಅಡುಗೆಮನೆಯ ಗಾಜುಪಟ್ಟಿಯ ಕಿಟಕಿ ತೆರೆಯುತ್ತಿದ್ದಳು. ಅದರ ಹಿಡಿ ಸವೆದು ಸವೆದು, ಎಳೆದರೆ ಸಾಕು, ಓಣಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಪಕ್ಕದ ಮನೆಯ ಮುದುಕಿ ಸ್ಯೂ ಕೆಂಗ್ ಗೋಡೆಯಾಚೆಯಿಂದ ದಿನಾ ಬೈಯುತ್ತಿದ್ದಳು: "ಶುರುವಾಯ್ತು ನೋಡು, ಕತ್ತೆ ಕೂಗು!"

ಬೈಸಿಕೊಂಡು ಸಾಕಾಗಿ ರೊಕಿಯಾ ಒಂದು ಸಂಜೆ ಹೊಸ ಹಿಡಿ ತಂದು, ತಾನೇ ಸ್ಕ್ರೂ ತಿರುಗಿಸಿ ಕೂರಿಸಿದಳು. ಮರುದಿನ ಬೆಳಿಗ್ಗೆ ಕಿಟಕಿ ತುಟಿಪಿಟಕ್ಕೆನ್ನದೆ ತೆರೆದುಕೊಂಡಿತು.

ಐದೂಕಾಲಿಗೆ ಯಾರೋ ಬಾಗಿಲು ದಬದಬ ಬಡಿದರು. ತೆರೆದರೆ ಸ್ಯೂ ಕೆಂಗ್! ತಲೆ ಕೆದರಿದೆ, ಒಂದೇ ಕಾಲಲ್ಲಿ ಚಪ್ಪಲಿ.

"ಬದುಕಿದ್ದೀಯೇನೇ? ಕಿಟಕಿ ಯಾಕೆ ಕೂಗಲಿಲ್ಲ? ಎಲ್ಲೋ ಬಿದ್ದುಗಿದ್ದು ಹೋದ್ಯೋ ಅಂತ ನನ್ನ ಜೀವ ಬಾಯಿಗೆ ಬಂತು!"

"ನೀವೇ ದಿನಾ ಬೈತಿದ್ರಲ್ಲಕ್ಕಾ, ಅದಕ್ಕೇ ಹಿಡಿ ಬದಲಾಯಿಸಿದೆ."

"ಇಷ್ಟು ವರ್ಷ ನನ್ನ ಒಂದು ಮಾತಾದ್ರೂ ಕೇಳಿದ್ಯಾ? ಇದೊಂದು ಕೇಳ್ಬೇಕಿತ್ತಾ?"

ರೊಕಿಯಾ ಮುದುಕಿಯನ್ನು ಕೂರಿಸಿ, ಅವತ್ತಿನ ಮೊದಲ ಪೊಟ್ಟಣ ಅವಳ ಕೈಗಿತ್ತಳು. ವ್ಯಾಪಾರ ಮುಗಿಸಿ ಬಂದವಳೇ ಕಸದ ಬುಟ್ಟಿಯಿಂದ ಹಳೇ ಹಿಡಿ ಹುಡುಕಿ ತೆಗೆದು, ಒರೆಸಿ, ಇದ್ದ ಜಾಗಕ್ಕೇ ಕೂರಿಸಿದಳು.

ಮಾರನೇ ದಿನ ಐದಕ್ಕೆ ಹಿಡಿ ಎಳೆದು, ಗೋಡೆಗೆ ಕಿವಿಗೊಟ್ಟು ನಿಂತಳು.

"ಶುರುವಾಯ್ತು ನೋಡು, ಕತ್ತೆ ಕೂಗು!"

"ಅಲ್‌ಹಮ್ದುಲಿಲ್ಲಾ" ಎಂದು ರೊಕಿಯಾ ಅನ್ನದ ಪಾತ್ರೆಯ ಮುಚ್ಚಳ ತೆಗೆದಳು.