ಹೆಚ್ಚಾದ ಉಸಿರು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕ್ಯಾನ್ಸರ್ ಗಡ್ಡೆಗೆ ಕಿರಣ ಬಿಡುವ ಯಂತ್ರ ನಡೆಸುತ್ತಿದ್ದ ಅವಳನ್ನು ಎಲ್ಲರೂ ಉಸಿರಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ದಪ್ಪ ಗೋಡೆಯ ಈಚೆ ಕೂತು ಮೈಕಿನಲ್ಲಿ ‘ಉಸಿರೆಳೀರಿ, ಹಿಡೀರಿ, ಬಿಡಿ’ ಎಂದು ಹೇಳಿದ್ದೇ ಹೇಳಿದ್ದು. ಊರವರ ಉಸಿರನ್ನೆಲ್ಲ ಆಳುತ್ತಿದ್ದ ಈ ಮಹಾರಾಣಿಗೆ ಮನೆಗೆ ಹೋದರೆ ‘ಬಂದ್ಯಾ’ ಎನ್ನುವ ಒಂದು ಜೀವವಿರಲಿಲ್ಲ. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಮಾತಾಡುತ್ತಿದ್ದುದು ಟಿವಿಯೊಂದೇ. ಅದನ್ನೂ ಅವಳೇ ಹಾಕಬೇಕು.

ಆ ಸೋಮವಾರ ಬಂದವರು ಬೀಗದಜ್ಜ. ಜೀವಮಾನವೆಲ್ಲ ಬೀಗ ರಿಪೇರಿ ಮಾಡಿದ ಮನುಷ್ಯ. ಬಲ ಶ್ವಾಸಕೋಶದಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ. ಚೀಟಿಯಲ್ಲಿ ‘ಜೊತೆಗೆ ಬಂದವರು’ ಎಂಬಲ್ಲಿ ಖಾಲಿ.

ಐದೇ ದಿನದ ಚಿಕಿತ್ಸೆ, ಆದರೆ ಒಂದೊಂದು ದಿನದ್ದೂ ಭಾರಿ ಕಿರಣ. ಉಸಿರಾಡುವಾಗ ಗಡ್ಡೆಯೂ ಮೇಲೆ ಕೆಳಗೆ ಓಡಾಡುತ್ತದಲ್ಲ, ಅದಕ್ಕೇ ರೋಗಿ ಉಸಿರು ಹಿಡಿದಾಗ ಎದೆಯ ಚಿತ್ರ ತೆಗೆದು, ಡಾಕ್ಟರಮ್ಮ ಬರೆದ ಗೆರೆಯೊಳಗೆ ಗಡ್ಡೆ ಕೂತಿದೆಯೇ ಎಂದು ನೋಡಿಯೇ ಗುಂಡಿ ಒತ್ತಬೇಕು. ಮೊದಲ ದಿನ ಅಜ್ಜ ನಡುಗುತ್ತಲೇ ಉಸಿರು ಹಿಡಿದರು. ಮುಗಿದ ಮೇಲೆ ಅವಳು ಮೈಕಿನಲ್ಲಿ, “ಭೇಷ್ ಅಜ್ಜ! ಇಷ್ಟು ಚೆನ್ನಾಗಿ ಯಾರೂ ಹಿಡಿದಿರಲಿಲ್ಲ” ಎಂದಳು. ಅಪ್ಪಟ ಸುಳ್ಳು. ಅವಳು ಯಾರಿಗೂ ಹಾಗೆ ಹೇಳುವವಳೇ ಅಲ್ಲ. ಚೀಟಿಯ ಆ ಖಾಲಿ ಜಾಗ ನೋಡಿ ಬಾಯಿಗೆ ಬಂದುಬಿಟ್ಟಿತ್ತು. ಮರುದಿನವೂ ಹೇಳಿದಳು, ಮೂರನೆಯ ದಿನವೂ.

ಗುರುವಾರ ಚಿತ್ರ ಬಂತು. ಹಳೆಯ ಚಿತ್ರದ ಬೆನ್ನುಮೂಳೆಗೆ ಈ ಚಿತ್ರದ ಬೆನ್ನುಮೂಳೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿತ್ತು. ಕಂಪ್ಯೂಟರು ಹಸಿರು ಗುರುತು ತೋರಿಸಿ ಕೈ ತೊಳೆದುಕೊಂಡಿತು. ಆದರೆ ಉಸಿರಕ್ಕ ಮೂಳೆಯನ್ನು ನಂಬುವವಳಲ್ಲ. ಗಡ್ಡೆಯನ್ನು ನೋಡಿದಳು. ಅದು ಗೆರೆ ದಾಟಿ ಅರ್ಧ ಬೆರಳಷ್ಟು ಕೆಳಗಿತ್ತು. ಒತ್ತಿದ್ದರೆ ಅಷ್ಟೂ ಕಿರಣ ಒಳ್ಳೆಯ ಶ್ವಾಸಕೋಶಕ್ಕೆ ಬಿದ್ದು, ಗಡ್ಡೆ ಹಾಯಾಗಿ ಉಳಿಯುತ್ತಿತ್ತು. ಇನ್ನೊಮ್ಮೆ ಚಿತ್ರ ತೆಗೆದಳು. ಇನ್ನೂ ಕೆಳಗೆ!

ಡಾಕ್ಟರಮ್ಮ ಬಂದು ನೋಡಿ, “ಮಂಚ ಎಷ್ಟು ಅಂತ ಸರಿಸ್ತೀರಿ? ಒಂದೊಂದ್ಸಲ ಒಂದೊಂದು ಅಳತೆ ಉಸಿರೆಳೀತಿದಾರೆ. ಹೋಗಿ ಕೇಳಿ. ಸರಿಹೋಗದಿದ್ರೆ ಇವತ್ತು ಕಿರಣ ಬೇಡ” ಎಂದರು.

ಒಳಗೆ ಅಜ್ಜ ಎದೆಯುಬ್ಬಿಸಿಕೊಂಡು ಮಲಗಿದ್ದರು.

“ಅಜ್ಜ, ಇವತ್ತು ಯಾಕೆ ಅಷ್ಟು ಜೋರಾಗಿ ಎಳೀತಿದೀರಿ?”

“ಮನೇಲಿ ಅಭ್ಯಾಸ ಮಾಡ್ದೆ ಕಣಮ್ಮ, ಕನ್ನಡಿ ಮುಂದೆ ನಿಂತು. ನಿನ್ನೆಗಿಂತ ಜಾಸ್ತಿನೇ ಬಂತು, ಅಲ್ವಾ?” ಮುದುಕನ ಮುಖ ಅರಳಿತ್ತು. “ಹೆಂಡತಿ ಹೋದ ಮೇಲೆ ನಂಗೆ ‘ಚೆನ್ನಾಗಿ ಮಾಡ್ದೆ’ ಅಂದೋರು ನೀವೊಬ್ಬರೇ ನೋಡಿ.”

ಅಯ್ಯೋ, ಹೊಗಳಿ ಹೊಗಳಿ ಗಡ್ಡೆಯನ್ನು ಕೆಳಗಿಳಿಸಿದವಳು ತಾನೇ! ಮಂಚದ ಅಂಚಿಗೆ ಕೈಯಿಟ್ಟು, “ತಪ್ಪು ನಂದೇ ಅಜ್ಜ. ಜಾಸ್ತಿ ಬೇಡ, ಸೋಮವಾರದಷ್ಟೇ ಸಾಕು” ಎಂದಳು.

“ಸೋಮವಾರ ಹೆದರಿಕೊಂಡಿದ್ನಲ್ಲಮ್ಮ.”

“ಹಾಗೇ ಹೆದರಿಕೊಂಡೇ ಎಳೀರಿ.”

ಅಜ್ಜ ನಕ್ಕರು, ಆದರೆ ನಗು ಅರ್ಧಕ್ಕೇ ನಿಂತಿತು. ಮುಂದಿನ ಚಿತ್ರದಲ್ಲಿ ಗಡ್ಡೆ ಗೆರೆಯೊಳಗೆ ಬಂದು ಕೂತಿತು. ಡಾಕ್ಟರಮ್ಮ ತಲೆಯಾಡಿಸಿದರು, ಅವಳು ಗುಂಡಿ ಒತ್ತಿದಳು. ಆ ದಿನ ಮೈಕಿನಲ್ಲಿ ‘ಎಳೀರಿ, ಹಿಡೀರಿ, ಬಿಡಿ’ ಬಿಟ್ಟು ತುಟಿ ಪಿಟಕ್ಕೆನ್ನಲಿಲ್ಲ. ಕ್ಯಾಮೆರಾದಲ್ಲಿ ಅಜ್ಜ ಸ್ಪೀಕರಿನತ್ತ ನೋಡುತ್ತಲೇ ಇದ್ದರು. ಅವಳಿಗೆ ಅಳು ಬಂತು.

ಶುಕ್ರವಾರ ಮೊದಲ ಚಿತ್ರಕ್ಕೇ ಎಲ್ಲ ಸರಿಯಿತ್ತು. ಕೊನೆಯ ಕಿರಣ ಮುಗಿಸಿ ಒಳಗೆ ಹೋಗಿ ಅವರನ್ನು ಎಬ್ಬಿಸಿ ಕೂರಿಸಿದಳು. ಅಜ್ಜ ನಿಧಾನವಾಗಿ ಅಂಗಿಯ ಗುಂಡಿ ಹಾಕಿಕೊಂಡು, “ನಾಳೆ ಎಷ್ಟು ಗಂಟೆಗೆ ಬರ್ಲಿ?” ಎಂದರು.

“ನಾಳೆಯಿಂದ ಬರಬೇಕಾಗಿಲ್ಲ ಅಜ್ಜ. ಎಲ್ಲಾ ಮುಗೀತು, ಎಲ್ಲಾನೂ ಸರಿಯಾದ ಜಾಗಕ್ಕೇ ಬಿದ್ದಿದೆ.”

ಈ ಮಾತು ಕೇಳಿದ ರೋಗಿಗಳು ಕೈಮುಗಿಯುತ್ತಾರೆ, ಕೆಲವರು ಕುಣಿದದ್ದೂ ಉಂಟು. ಅಜ್ಜನ ಮುಖ ಮಾತ್ರ ಸಣ್ಣದಾಯಿತು. “ಓ... ಬರೋದೇ ಬೇಡ್ವಾ?” ಎಂದು ಅವಳ ಕೈಯನ್ನು ಹಿಡಿದುಕೊಂಡು ಬಿಡದೆ ಕೂತರು.

ಹೊರಗೆ ಮುಂದಿನ ರೋಗಿಯ ಹೆಸರು ಕರೆದಾಗಿತ್ತು. ಅವಳೂ ಕೈ ಬಿಡಿಸಿಕೊಳ್ಳಲಿಲ್ಲ.